ವಿದೇಶದಲ್ಲಿ ಸಬ್ಬಾಟಿಕಲ್ ರಜೆ ಮತ್ತು ಆರೋಗ್ಯ ವಿಮೆ

ವಿದೇಶದಲ್ಲಿ ಕಳೆಯುವ ಸಬ್ಬಾಟಿಕಲ್ ರಜೆಯ ಆರೋಗ್ಯ ವಿಮೆ ಎಂದರೆ, ಬೋಧನಾ ಕರ್ತವ್ಯದಿಂದ ತಾತ್ಕಾಲಿಕವಾಗಿ ಬಿಡುವು ಪಡೆದು ಬೇರೊಂದು ದೇಶದ ವಿಶ್ವವಿದ್ಯಾಲಯ ಅಥವಾ ಸಂಶೋಧನಾ ಸಂಸ್ಥೆಯಲ್ಲಿ ಅಧ್ಯಯನ ನಡೆಸುವ ಅಧ್ಯಾಪಕರು ಮತ್ತು ಅವರ ಕುಟುಂಬದವರ ವೈದ್ಯಕೀಯ ವೆಚ್ಚಕ್ಕಾಗಿ ಮಾಡಿಕೊಳ್ಳುವ ವಿಮಾ ವ್ಯವಸ್ಥೆ. ಇಂತಹ ಅಧ್ಯಾಪಕರು ಪ್ರವಾಸಿಗರಲ್ಲ. ಆತಿಥೇಯ ಸಂಸ್ಥೆಯ ಪೂರ್ಣ ಪ್ರಮಾಣದ ಉದ್ಯೋಗಿಗಳೂ ಅಲ್ಲ. ಸ್ವದೇಶದ ವಿಮೆ ಸಾಮಾನ್ಯವಾಗಿ ದೇಶದ ಗಡಿಯೊಳಗೆ ಮಾತ್ರ ಅನ್ವಯಿಸುತ್ತದೆ, ಆತಿಥೇಯ ದೇಶದ ಸಾರ್ವಜನಿಕ ವಿಮೆ ಬಹುಪಾಲು ಉದ್ಯೋಗ ಅಥವಾ ನಿವಾಸವನ್ನು ಆಧರಿಸಿರುತ್ತದೆ, ಅಲ್ಪಾವಧಿಯ ಪ್ರವಾಸ ವಿಮೆಯು ತುರ್ತು ಚಿಕಿತ್ಸೆಗಷ್ಟೇ ಸೀಮಿತವಾಗಿರುತ್ತದೆ. ಈ ಮೂರರ ನಡುವೆ ಉಳಿಯುವ ಅಂತರವನ್ನು ತುಂಬುವುದೇ ಈ ವಿಮಾ ವ್ಯವಸ್ಥೆಯ ಮುಖ್ಯ ಉದ್ದೇಶ. ಹಲವು ದೇಶಗಳಲ್ಲಿ ವಿಮೆಯ ಪುರಾವೆಯಿಲ್ಲದೆ ವೀಸಾ ಅಥವಾ ನಿವಾಸ ಪರವಾನಗಿ ದೊರೆಯುವುದಿಲ್ಲ.

ಹಿನ್ನೆಲೆ

ಸಬ್ಬಾಟಿಕಲ್ ಎಂಬ ಪದವು ಯಹೂದಿ ಸಂಪ್ರದಾಯದ ವಿಶ್ರಾಂತಿ ದಿನವಾದ ಸಬ್ಬತ್‌ನಿಂದ ಬಂದಿದೆ. ಆರು ವರ್ಷ ಬೇಸಾಯ ಮಾಡಿದ ಭೂಮಿಯನ್ನು ಏಳನೆಯ ವರ್ಷ ಬೀಳು ಬಿಡುವ ವಿಧಿಯೂ ಇದೇ ಪರಿಕಲ್ಪನೆಗೆ ಸೇರಿದೆ. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯವು 1880ರಲ್ಲಿ, ಚಾರ್ಲ್ಸ್ ಎಲಿಯಟ್ ಅಧ್ಯಕ್ಷರಾಗಿದ್ದಾಗ, ಅಧ್ಯಾಪಕರಿಗೆ ಈ ಬಗೆಯ ರಜೆಯನ್ನು ಆರಂಭಿಸಿತು. ಮುಂದೆ ಈ ಪದ್ಧತಿ ಇತರ ದೇಶಗಳಿಗೂ ಹರಡಿತು.

ಭಾರತದಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮಾವಳಿಯ ಪ್ರಕಾರ, ಸಹ ಪ್ರಾಧ್ಯಾಪಕ ಅಥವಾ ಪ್ರಾಧ್ಯಾಪಕ ಹುದ್ದೆಯಲ್ಲಿ 7 ವರ್ಷ ಸೇವೆ ಪೂರೈಸಿದ ಕಾಯಂ ಅಧ್ಯಾಪಕರಿಗೆ ಸಬ್ಬಾಟಿಕಲ್ ರಜೆ ನೀಡಬಹುದು. ಒಂದು ಬಾರಿಗೆ ರಜೆ 1 ವರ್ಷವನ್ನು, ಇಡೀ ಸೇವಾವಧಿಯಲ್ಲಿ 2 ವರ್ಷವನ್ನು ಮೀರುವಂತಿಲ್ಲ. ರಜೆಯ ಅವಧಿಯಲ್ಲಿ ಪೂರ್ಣ ವೇತನ ಮತ್ತು ಭತ್ಯೆಗಳು ದೊರೆಯುತ್ತವೆ. ಆದರೆ ಅಧ್ಯಾಪಕರು ಭಾರತದಲ್ಲಾಗಲಿ ವಿದೇಶದಲ್ಲಾಗಲಿ ಬೇರೊಂದು ಸಂಸ್ಥೆಯ ನಿಯತ ಉದ್ಯೋಗವನ್ನು ಒಪ್ಪಿಕೊಳ್ಳುವಂತಿಲ್ಲ. ಫೆಲೋಶಿಪ್, ಸಂಶೋಧನಾ ವೇತನ ಅಥವಾ ಗೌರವಧನದ ತಾತ್ಕಾಲಿಕ ಬೋಧನೆ ಮತ್ತು ಸಂಶೋಧನಾ ಕಾರ್ಯಕ್ಕೆ ಅವಕಾಶವಿದೆ.

ಈ ನಿಯಮದಿಂದ ವಿಮೆಯ ವಿಷಯದಲ್ಲಿ ಎರಡು ಪರಿಣಾಮಗಳು ಉಂಟಾಗುತ್ತವೆ. ನಿಯತ ಉದ್ಯೋಗಕ್ಕೆ ಅವಕಾಶವಿಲ್ಲದ ಕಾರಣ, ಉದ್ಯೋಗದ ಮೂಲಕ ದೊರೆಯುವ ಆತಿಥೇಯ ದೇಶದ ವಿಮೆಯು ಅನೇಕ ಸಂದರ್ಭಗಳಲ್ಲಿ ಕೈಗೆಟಕುವುದಿಲ್ಲ. ಅಲ್ಲದೆ, ಹಿರಿಯ ಹುದ್ದೆಯಲ್ಲಿ 7 ವರ್ಷ ಪೂರೈಸುವ ವೇಳೆಗೆ ಬಹಳಷ್ಟು ಅಧ್ಯಾಪಕರು ಮಧ್ಯವಯಸ್ಸನ್ನು ತಲುಪಿರುತ್ತಾರೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಥೈರಾಯ್ಡ್ ಮುಂತಾದ ದೀರ್ಘಕಾಲದ ಕಾಯಿಲೆಗಳು ಈ ವಯಸ್ಸಿನಲ್ಲಿ ಸಾಮಾನ್ಯವಾಗಿದ್ದು, ಅಗ್ಗದ ವಿಮಾ ಪಾಲಿಸಿಗಳು ಹೊರಗಿಡುವುದೂ ಇವನ್ನೇ.

ವಿಮೆಯ ವಿಧಗಳು

ಪ್ರವಾಸ ವಿಮೆ: ಅಪಘಾತ, ಹಠಾತ್ ಕಾಯಿಲೆ, ಸಾಮಾನು ನಷ್ಟ, ವಿಮಾನ ವಿಳಂಬ ಮೊದಲಾದವುಗಳಿಗೆ ಪರಿಹಾರ ನೀಡುತ್ತದೆ. ಇದು ಸಾಮಾನ್ಯವಾಗಿ ಕೆಲವು ವಾರ ಅಥವಾ ತಿಂಗಳುಗಳ ಅವಧಿಯದು. ಭಾರತದಲ್ಲಿ ಮಾರಾಟವಾಗುವ ಇಂತಹ ಪಾಲಿಸಿಯನ್ನು ಸಾಮಾನ್ಯವಾಗಿ ದೇಶ ಬಿಡುವ ಮೊದಲೇ ಪಡೆಯಬೇಕಾಗುತ್ತದೆ. ನಿಯಮಿತ ತಪಾಸಣೆ, ಮುಂದೂಡಬಹುದಾದ ಶಸ್ತ್ರಚಿಕಿತ್ಸೆ ಮತ್ತು ದೀರ್ಘಕಾಲದ ಔಷಧಗಳು ಇದರ ವ್ಯಾಪ್ತಿಗೆ ಬರುವುದಿಲ್ಲ.

ಸಂದರ್ಶಕ ವಿದ್ವಾಂಸರ ವಿಮೆ: ವಿನಿಮಯ ಕಾರ್ಯಕ್ರಮಗಳ ಅಡಿಯಲ್ಲಿ ಬರುವ ಸಂಶೋಧಕರಿಗಾಗಿ ರೂಪಿಸಿದ ಪಾಲಿಸಿ. ಆತಿಥೇಯ ದೇಶದ ವೀಸಾ ನಿಯಮಗಳು ವಿಧಿಸುವ ಕನಿಷ್ಠ ಮೊತ್ತಗಳಿಗೆ ಇದು ಹೊಂದಿಕೆಯಾಗಿರುತ್ತದೆ. ಅನೇಕ ವಿಶ್ವವಿದ್ಯಾಲಯಗಳು ನಿರ್ದಿಷ್ಟ ಪಾಲಿಸಿಯನ್ನೇ ಕಡ್ಡಾಯಗೊಳಿಸುತ್ತವೆ; ಕೆಲವು, ಸಮಾನ ಪ್ರಮಾಣದ ವಿಮೆ ತೋರಿಸಿದವರಿಗೆ ವಿನಾಯಿತಿ ನೀಡುತ್ತವೆ.

ಅಂತಾರಾಷ್ಟ್ರೀಯ ಆರೋಗ್ಯ ವಿಮೆ: ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಅವಧಿಗೆ, ಹಲವು ದೇಶಗಳಲ್ಲಿ ಅನ್ವಯಿಸುವ ವಿಮೆ. ಹೊರರೋಗಿ ಚಿಕಿತ್ಸೆಯೂ ಸೇರಿರಬಹುದು. ಪ್ರೀಮಿಯಂ ಅಧಿಕ. ಅಮೆರಿಕ ಸಂಯುಕ್ತ ಸಂಸ್ಥಾನವನ್ನು ಸೇರಿಸಿದ ಪಾಲಿಸಿಗೂ ಅದನ್ನು ಹೊರಗಿಟ್ಟ ಪಾಲಿಸಿಗೂ ದರದಲ್ಲಿ ಗಣನೀಯ ವ್ಯತ್ಯಾಸವಿರುತ್ತದೆ.

ಆತಿಥೇಯ ದೇಶದ ಸಾರ್ವಜನಿಕ ವ್ಯವಸ್ಥೆ: ನಿವಾಸ, ಉದ್ಯೋಗ ಅಥವಾ ಮುಂಗಡ ಶುಲ್ಕದ ಆಧಾರದ ಮೇಲೆ ದೊರೆಯುತ್ತದೆ. ಮೊದಲೇ ಇರುವ ಕಾಯಿಲೆಗಳನ್ನು ಹೊರಗಿಡದಿರುವುದು ಇದರ ದೊಡ್ಡ ಅನುಕೂಲ.

ಪಾಲಿಸಿಗಳಲ್ಲಿ ಪರಿಹಾರ ನೀಡುವ ಕ್ರಮವೂ ಭಿನ್ನವಾಗಿರುತ್ತದೆ. ಕೆಲವು ಪಾಲಿಸಿಗಳು ಒಟ್ಟು ವಿಮಾ ಮೊತ್ತದವರೆಗೆ ಬಿಲ್ಲಿನ ನಿಗದಿತ ಪಾಲನ್ನು ಭರಿಸುತ್ತವೆ. ಇನ್ನು ಕೆಲವು, ವೈದ್ಯರ ಭೇಟಿಗೆ ಇಷ್ಟು, ಒಂದು ದಿನದ ಆಸ್ಪತ್ರೆ ವಾಸಕ್ಕೆ ಇಷ್ಟು ಎಂದು ಪ್ರತಿ ಸೇವೆಗೂ ಸ್ಥಿರ ಮಿತಿಯನ್ನು ಹಾಕುತ್ತವೆ. ಎರಡನೆಯ ಬಗೆಯಲ್ಲಿ ಮುಖಪುಟದ ವಿಮಾ ಮೊತ್ತ ದೊಡ್ಡದಾಗಿದ್ದರೂ ವಾಸ್ತವವಾಗಿ ಕೈಸೇರುವ ಹಣ ಬಹಳ ಕಡಿಮೆಯಾಗಬಹುದು.

ದೇಶವಾರು ನಿಯಮಗಳು

ಅಮೆರಿಕ ಸಂಯುಕ್ತ ಸಂಸ್ಥಾನ

ಸಂದರ್ಶಕ ವಿದ್ವಾಂಸರು ಹೆಚ್ಚಾಗಿ ಜೆ-1 ವಿನಿಮಯ ವೀಸಾದಡಿ ತೆರಳುತ್ತಾರೆ. ಜೆ-1 ಪಡೆದವರಿಗೂ ಜೆ-2 ವೀಸಾದಲ್ಲಿ ಜೊತೆಗಿರುವ ಪತಿ ಅಥವಾ ಪತ್ನಿ ಮತ್ತು ಮಕ್ಕಳಿಗೂ ಆರೋಗ್ಯ ವಿಮೆ ಕಡ್ಡಾಯ. 2015ರ ಮೇ ತಿಂಗಳಿನಿಂದ ಜಾರಿಯಲ್ಲಿರುವ ಕನಿಷ್ಠ ಪ್ರಮಾಣಗಳು ಹೀಗಿವೆ:

• ಪ್ರತಿ ಅಪಘಾತ ಅಥವಾ ಕಾಯಿಲೆಗೆ 1,00,000 ಡಾಲರ್ ವೈದ್ಯಕೀಯ ವೆಚ್ಚ
• ವೈದ್ಯಕೀಯ ಕಾರಣಕ್ಕೆ ಸ್ವದೇಶಕ್ಕೆ ಸಾಗಿಸಲು 50,000 ಡಾಲರ್
• ಮರಣ ಸಂಭವಿಸಿದಲ್ಲಿ ಪಾರ್ಥಿವ ಶರೀರವನ್ನು ಸ್ವದೇಶಕ್ಕೆ ಕಳುಹಿಸಲು 25,000 ಡಾಲರ್
• ವಿಮೆದಾರರು ಮೊದಲು ತಾವೇ ಭರಿಸಬೇಕಾದ, ಡಿಡಕ್ಟಿಬಲ್ ಎಂದು ಕರೆಯಲಾಗುವ ಮೊತ್ತ ಪ್ರತಿ ಅಪಘಾತ ಅಥವಾ ಕಾಯಿಲೆಗೆ 500 ಡಾಲರ್ ಮೀರಬಾರದು

ಇವುಗಳ ಜೊತೆಗೆ, ವೆಚ್ಚದ ಶೇಕಡ 25ರವರೆಗಿನ ಪಾಲನ್ನು ವಿಮೆದಾರರ ಮೇಲೆ ಹಾಕಲು ನಿಯಮವು ಅವಕಾಶ ನೀಡುತ್ತದೆ. ಆದ್ದರಿಂದ ಕಾನೂನಿಗೆ ಅನುಗುಣವಾದ ವಿಮೆಯು ವೆಚ್ಚವನ್ನೆಲ್ಲ ಭರಿಸುತ್ತದೆ ಎಂದು ಅರ್ಥವಲ್ಲ. ಉದಾಹರಣೆಗೆ, ಶಸ್ತ್ರಚಿಕಿತ್ಸೆಯೊಂದರ ಬಿಲ್ಲು 20,500 ಡಾಲರ್ ಎಂದಿಟ್ಟುಕೊಂಡರೆ, ಮೊದಲ 500 ಡಾಲರ್ ಮತ್ತು ಉಳಿದ 20,000 ಡಾಲರ್‌ನ ಶೇಕಡ 25, ಅಂದರೆ 5,000 ಡಾಲರ್, ಒಟ್ಟು 5,500 ಡಾಲರ್ ವಿಮೆದಾರರ ಪಾಲಿಗೇ ಬರಬಹುದು. ವಿಮೆಯನ್ನು ಉದ್ದೇಶಪೂರ್ವಕವಾಗಿ ಮುಂದುವರಿಸದಿದ್ದರೆ ಆತಿಥೇಯ ಸಂಸ್ಥೆಯು ವಿನಿಮಯ ಕಾರ್ಯಕ್ರಮವನ್ನೇ ಕೊನೆಗೊಳಿಸಬೇಕಾಗುತ್ತದೆ.

1986ರ ಕಾಯಿದೆಯೊಂದರ ಪ್ರಕಾರ ಅಮೆರಿಕದ ಆಸ್ಪತ್ರೆಗಳ ತುರ್ತು ವಿಭಾಗಗಳು ರೋಗಿಯ ಹಣ ಪಾವತಿಸುವ ಸಾಮರ್ಥ್ಯವನ್ನು ನೋಡದೆ ತಪಾಸಣೆ ನಡೆಸಿ ಸ್ಥಿತಿಯನ್ನು ಸ್ಥಿರಗೊಳಿಸಬೇಕು. ಆದರೆ ಆ ಚಿಕಿತ್ಸೆ ಉಚಿತವಲ್ಲ. ಬಿಲ್ಲು ನಂತರ ಬರುತ್ತದೆ.

ಫುಲ್‌ಬ್ರೈಟ್ ಫೆಲೋಗಳಿಗೆ ಅಮೆರಿಕದ ವಿದೇಶಾಂಗ ಇಲಾಖೆಯು ಅಪಘಾತ ಮತ್ತು ಕಾಯಿಲೆಗಳಿಗೆ ಸೀಮಿತ ಆರೋಗ್ಯ ಸೌಲಭ್ಯ ಒದಗಿಸುತ್ತದೆ. ಇದು ಪೂರ್ಣ ಪ್ರಮಾಣದ ಆರೋಗ್ಯ ವಿಮೆಯಲ್ಲ. ಜೊತೆಗಿರುವ ಕುಟುಂಬದವರಿಗೆ ಇದು ಅನ್ವಯಿಸದ ಕಾರಣ ಅವರಿಗೆ ಪ್ರತ್ಯೇಕ ಪಾಲಿಸಿ ಬೇಕಾಗುತ್ತದೆ.

ಬ್ರಿಟನ್

6 ತಿಂಗಳಿಗಿಂತ ದೀರ್ಘ ಅವಧಿಯ ಹೆಚ್ಚಿನ ವೀಸಾಗಳಿಗೆ ಅರ್ಜಿಯ ಜೊತೆಯಲ್ಲೇ ವಲಸೆ ಆರೋಗ್ಯ ಶುಲ್ಕವನ್ನು ಪಾವತಿಸಬೇಕು. 2015ರಲ್ಲಿ ವರ್ಷಕ್ಕೆ 200 ಪೌಂಡ್ ಆಗಿದ್ದ ಈ ಶುಲ್ಕ 2024ರ ಫೆಬ್ರವರಿಯಲ್ಲಿ ವಯಸ್ಕರಿಗೆ 1,035 ಪೌಂಡ್‌ಗೆ ಏರಿತು. 18 ವರ್ಷದೊಳಗಿನ ಮಕ್ಕಳಿಗೆ ಇದು 776 ಪೌಂಡ್. ಈ ದರದಲ್ಲಿ ಇಬ್ಬರು ವಯಸ್ಕರು ಮತ್ತು ಇಬ್ಬರು ಮಕ್ಕಳ ಕುಟುಂಬವು ಒಂದು ವರ್ಷದ ವಾಸಕ್ಕೆ 3,622 ಪೌಂಡ್ ಮುಂಗಡವಾಗಿ ಕಟ್ಟಬೇಕಾಗುತ್ತದೆ. ಶುಲ್ಕ ಕಟ್ಟಿದವರು ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಬಹುಮಟ್ಟಿಗೆ ಅಲ್ಲಿನ ನಿವಾಸಿಗಳಂತೆಯೇ ಬಳಸಬಹುದು. ದಂತ ಚಿಕಿತ್ಸೆ ಮತ್ತು ಇಂಗ್ಲೆಂಡಿನಲ್ಲಿ ವೈದ್ಯರ ಚೀಟಿಯ ಔಷಧಗಳಿಗೆ ನಿವಾಸಿಗಳು ಕೊಡುವ ದರವನ್ನು ಅವರೂ ಕೊಡಬೇಕು.

ಮಾತೃಸಂಸ್ಥೆಯಿಂದ ಸಬ್ಬಾಟಿಕಲ್ ರಜೆ ಪಡೆದು ಸ್ವಂತ ಸಂಶೋಧನೆಗಾಗಿ ಬರುವ ಅರ್ಹ ವಿದ್ವಾಂಸರು ಸಂದರ್ಶಕ ವೀಸಾದಲ್ಲಿಯೇ 12 ತಿಂಗಳವರೆಗೆ ಇರಲು ಅವಕಾಶವಿದೆ. ಸಂದರ್ಶಕ ವೀಸಾಕ್ಕೆ ಆರೋಗ್ಯ ಶುಲ್ಕ ಇರುವುದಿಲ್ಲ. ಇದು ಮೇಲ್ನೋಟಕ್ಕೆ ಉಳಿತಾಯವಾಗಿ ಕಂಡರೂ, ಅದರ ಫಲವಾಗಿ ರಾಷ್ಟ್ರೀಯ ಆರೋಗ್ಯ ಸೇವೆಯ ಹಕ್ಕೂ ದೊರೆಯುವುದಿಲ್ಲ. ಅಪಘಾತ ಮತ್ತು ತುರ್ತು ವಿಭಾಗದ ಚಿಕಿತ್ಸೆ ಎಲ್ಲರಿಗೂ ಉಚಿತ. ಆದರೆ ಆಸ್ಪತ್ರೆಗೆ ದಾಖಲಾದ ನಂತರ ಇಂಗ್ಲೆಂಡಿನಲ್ಲಿ ಸಾಮಾನ್ಯ ದರದ ಶೇಕಡ 150ರಷ್ಟು ವಿಧಿಸಲಾಗುತ್ತದೆ. 500 ಪೌಂಡ್ ಅಥವಾ ಹೆಚ್ಚಿನ ಆಸ್ಪತ್ರೆ ಬಾಕಿ ಉಳಿಸಿಕೊಂಡವರ ಮುಂದಿನ ವೀಸಾ ಅರ್ಜಿ ತಿರಸ್ಕೃತವಾಗಬಹುದು. ಆದ್ದರಿಂದ ಸಂದರ್ಶಕ ವೀಸಾದಲ್ಲಿ ತೆರಳುವವರಿಗೆ ಇಡೀ ಅವಧಿಯ ಖಾಸಗಿ ವಿಮೆ ಅವಶ್ಯವಾಗುತ್ತದೆ.

ಜರ್ಮನಿ ಮತ್ತು ಷೆಂಗೆನ್ ದೇಶಗಳು

ಷೆಂಗೆನ್ ಪ್ರದೇಶದ ಅಲ್ಪಾವಧಿ ವೀಸಾವು 180 ದಿನಗಳಲ್ಲಿ ಗರಿಷ್ಠ 90 ದಿನಗಳ ವಾಸಕ್ಕೆ ಅನ್ವಯಿಸುತ್ತದೆ. ಇದಕ್ಕೆ ಕನಿಷ್ಠ 30,000 ಯೂರೋ ಮೊತ್ತದ, ಎಲ್ಲ ಷೆಂಗೆನ್ ದೇಶಗಳಲ್ಲಿ ಮಾನ್ಯವಾದ ವಿಮೆ ಅಗತ್ಯ. ತುರ್ತು ಚಿಕಿತ್ಸೆ, ಆಸ್ಪತ್ರೆ ವಾಸ ಮತ್ತು ಸ್ವದೇಶಕ್ಕೆ ಸಾಗಿಸುವ ವೆಚ್ಚ ಅದರಲ್ಲಿ ಸೇರಿರಬೇಕು. ಒಂದು ಸೆಮಿಸ್ಟರ್ ಅಥವಾ ಒಂದು ವರ್ಷದ ವಾಸಕ್ಕೆ ಆಯಾ ದೇಶದ ದೀರ್ಘಾವಧಿ ವೀಸಾ ಬೇಕಾಗುವುದರಿಂದ ಈ ಪ್ರವಾಸ ವಿಮೆಯೊಂದೇ ಸಾಲುವುದಿಲ್ಲ.

ಜರ್ಮನಿಯಲ್ಲಿ ವಾಸಿಸುವವರೆಲ್ಲರಿಗೂ ಆರೋಗ್ಯ ವಿಮೆ ಕಡ್ಡಾಯ. ಅಲ್ಲಿನ ವಿಶ್ವವಿದ್ಯಾಲಯದೊಡನೆ ಉದ್ಯೋಗ ಒಪ್ಪಂದವಿರುವ ಸಂಶೋಧಕರು ಶಾಸನಬದ್ಧ ವಿಮೆಗೆ ಸೇರಬಹುದು. ಇದರ ಮೂಲ ವಂತಿಗೆ ಸಂಬಳದ ಶೇಕಡ 14.6 ಆಗಿದ್ದು, ಪ್ರತಿ ವಿಮಾ ನಿಧಿಯ ಹೆಚ್ಚುವರಿ ವಂತಿಗೆಯೂ ಸೇರುತ್ತದೆ. ಇದನ್ನು ಉದ್ಯೋಗದಾತರು ಮತ್ತು ಉದ್ಯೋಗಿಗಳು ಸಮನಾಗಿ ಭರಿಸುತ್ತಾರೆ. ಆದಾಯವಿಲ್ಲದ ಪತಿ ಅಥವಾ ಪತ್ನಿ ಮತ್ತು ಮಕ್ಕಳಿಗೆ ಪ್ರತ್ಯೇಕ ವಂತಿಗೆ ಇರುವುದಿಲ್ಲ. ಫೆಲೋಶಿಪ್ ಅಥವಾ ಮಾತೃಸಂಸ್ಥೆಯ ವೇತನದ ಮೇಲೆ ಬರುವ ಅತಿಥಿ ಸಂಶೋಧಕರನ್ನು ಉದ್ಯೋಗಿಗಳೆಂದು ಪರಿಗಣಿಸದ ಕಾರಣ ಅವರು ಹೆಚ್ಚಾಗಿ ಖಾಸಗಿ ವಿಮೆಯನ್ನು ಅವಲಂಬಿಸುತ್ತಾರೆ. ನಿವಾಸ ಪರವಾನಗಿ ನೀಡುವ ಕಚೇರಿಯು ವಿಮೆಯ ವ್ಯಾಪ್ತಿಯನ್ನು ಪರಿಶೀಲಿಸುವುದರಿಂದ ಕೇವಲ ತುರ್ತು ಚಿಕಿತ್ಸೆಗೆ ಸೀಮಿತವಾದ ಪಾಲಿಸಿಯು ತಿರಸ್ಕೃತವಾಗುವ ಸಾಧ್ಯತೆಯಿದೆ.

ಜಪಾನ್

3 ತಿಂಗಳಿಗಿಂತ ಹೆಚ್ಚು ಕಾಲ ನೆಲೆಸುವ ವಿದೇಶಿಯರು, ಉದ್ಯೋಗದ ವಿಮೆ ಇಲ್ಲದಿದ್ದರೆ, ರಾಷ್ಟ್ರೀಯ ಆರೋಗ್ಯ ವಿಮೆಗೆ ಸೇರಬೇಕು. ವಾಸಸ್ಥಳ ನಿಶ್ಚಯವಾದ 14 ದಿನಗಳೊಳಗೆ ಸ್ಥಳೀಯ ಪುರಸಭೆಯ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕಾಗಿದ್ದು, ವಿಮೆಯ ನೋಂದಣಿಯೂ ಅಲ್ಲಿಯೇ ನಡೆಯುತ್ತದೆ. ಹೆಚ್ಚಿನ ವಯಸ್ಕರು ಚಿಕಿತ್ಸಾ ವೆಚ್ಚದ ಶೇಕಡ 30ರಷ್ಟನ್ನು ತಾವು ಭರಿಸುತ್ತಾರೆ. ತಿಂಗಳ ವೆಚ್ಚವು ನಿಗದಿತ ಮಿತಿಯನ್ನು ಮೀರಿದರೆ ಹೆಚ್ಚುವರಿ ಮೊತ್ತವನ್ನು ಮರಳಿಸುವ ವ್ಯವಸ್ಥೆಯೂ ಇದೆ. ಪ್ರೀಮಿಯಂ ಹಿಂದಿನ ವರ್ಷ ಜಪಾನಿನಲ್ಲಿ ಗಳಿಸಿದ ಆದಾಯವನ್ನು ಆಧರಿಸುವುದರಿಂದ ಹೊಸದಾಗಿ ಬಂದವರಿಗೆ ಮೊದಲ ವರ್ಷ ಅದು ಕಡಿಮೆಯಿರುತ್ತದೆ.

ಆಸ್ಟ್ರೇಲಿಯ ಮತ್ತು ಕೆನಡಾ

ಆಸ್ಟ್ರೇಲಿಯವು ಬ್ರಿಟನ್, ನ್ಯೂಜಿಲೆಂಡ್, ಇಟಲಿ, ಸ್ವೀಡನ್ ಸೇರಿದಂತೆ 11 ದೇಶಗಳೊಡನೆ ಪರಸ್ಪರ ಆರೋಗ್ಯ ಸೇವಾ ಒಪ್ಪಂದ ಮಾಡಿಕೊಂಡಿದೆ. ಭಾರತ ಇವುಗಳಲ್ಲಿ ಸೇರಿಲ್ಲ. ಆದ್ದರಿಂದ ಭಾರತದ ಸಂದರ್ಶಕ ಸಂಶೋಧಕರು ವೀಸಾ ಷರತ್ತಿನಂತೆ ಖಾಸಗಿ ವಿಮೆಯನ್ನು ಇಡೀ ಅವಧಿಗೆ ಹೊಂದಿರಬೇಕಾಗುತ್ತದೆ.

ಕೆನಡಾದಲ್ಲಿ ಸಾರ್ವಜನಿಕ ಆರೋಗ್ಯ ವಿಮೆಯು ಪ್ರಾಂತಗಳ ಕೈಯಲ್ಲಿದ್ದು, ಅರ್ಹತೆಯ ನಿಯಮಗಳು ಪ್ರಾಂತದಿಂದ ಪ್ರಾಂತಕ್ಕೆ ಬದಲಾಗುತ್ತವೆ. ಬ್ರಿಟಿಷ್ ಕೊಲಂಬಿಯದಲ್ಲಿ ಅರ್ಹರಾದವರಿಗೂ ಬಂದ ತಿಂಗಳ ಉಳಿದ ದಿನಗಳು ಮತ್ತು ಮುಂದಿನ 2 ತಿಂಗಳು ಕಳೆದ ಮೇಲೆ ವಿಮೆ ಆರಂಭವಾಗುತ್ತದೆ. ಆ ನಡುವಿನ ಕಾಲಕ್ಕೆ ಖಾಸಗಿ ವಿಮೆ ಬೇಕಾಗುತ್ತದೆ.

ಸ್ವದೇಶದ ವಿಮೆಯ ಮುಂದುವರಿಕೆ

ವಿದೇಶದಲ್ಲಿರುವಾಗ ಬಳಕೆಗೆ ಬಾರದ ಸ್ವದೇಶದ ಪಾಲಿಸಿಗೆ ಪ್ರೀಮಿಯಂ ಕಟ್ಟುವುದು ವ್ಯರ್ಥವೆಂದು ಕೆಲವರು ಅದನ್ನು ನವೀಕರಿಸದೆ ಬಿಡುವುದುಂಟು. ಇದರ ಪರಿಣಾಮ ಮರಳಿ ಬಂದ ನಂತರ ತಿಳಿಯುತ್ತದೆ. ಭಾರತದ ಆರೋಗ್ಯ ಪಾಲಿಸಿಗಳಲ್ಲಿ ಮೊದಲೇ ಇರುವ ಕಾಯಿಲೆಗಳಿಗೆ ಕಾಯುವ ಅವಧಿ ಇರುತ್ತದೆ. ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು 2024ರಲ್ಲಿ ಈ ಅವಧಿಯ ಗರಿಷ್ಠ ಮಿತಿಯನ್ನು 48 ತಿಂಗಳಿಂದ 36 ತಿಂಗಳಿಗೆ ಇಳಿಸಿತು. ಸತತ 60 ತಿಂಗಳು ನಡೆದ ಪಾಲಿಸಿಯ ಕ್ಲೇಮನ್ನು, ಸಾಬೀತಾದ ವಂಚನೆಯ ಹೊರತು, ಮಾಹಿತಿ ಮುಚ್ಚಿಟ್ಟ ಕಾರಣಕ್ಕೆ ತಿರಸ್ಕರಿಸುವಂತಿಲ್ಲ ಎಂಬ ನಿಯಮವೂ ಅದೇ ವರ್ಷ ಬಂದಿತು. ಮೊದಲು ಈ ಅವಧಿ 8 ವರ್ಷವಿತ್ತು.

ಈ ಎರಡೂ ರಕ್ಷಣೆಗಳು ಪಾಲಿಸಿಯ ನಿರಂತರತೆಯನ್ನು ಅವಲಂಬಿಸಿವೆ. ವಾರ್ಷಿಕ ಪ್ರೀಮಿಯಂ ಪಾಲಿಸಿಯನ್ನು ಅವಧಿ ಮುಗಿದ 30 ದಿನಗಳೊಳಗೆ ನವೀಕರಿಸಿದರೆ ಹಿಂದಿನ ವರ್ಷಗಳ ಲಾಭ ಉಳಿಯುತ್ತದೆ. ಅದನ್ನು ಮೀರಿ ಪಾಲಿಸಿ ರದ್ದಾದರೆ ಹೊಸ ಪಾಲಿಸಿ ಪಡೆಯಬೇಕಾಗಿ, ಕಾಯುವ ಅವಧಿ ಮೊದಲಿನಿಂದ ಆರಂಭವಾಗುತ್ತದೆ. ರಜೆಯ ಅವಧಿಯಲ್ಲಿ ಪತ್ತೆಯಾದ ಕಾಯಿಲೆಯೂ ಆಗ ಮೊದಲೇ ಇದ್ದ ಕಾಯಿಲೆಯಾಗಿ ಪರಿಗಣಿತವಾಗುತ್ತದೆ. ಒಂದೇ ಕುಟುಂಬ ಪಾಲಿಸಿಯಲ್ಲಿ ಊರಿನಲ್ಲಿ ಉಳಿದ ತಂದೆ ತಾಯಿಯರೂ ಸೇರಿದ್ದರೆ ಪಾಲಿಸಿ ತಪ್ಪಿದಾಗ ಅವರ ರಕ್ಷಣೆಯೂ ತಪ್ಪುತ್ತದೆ.

ಸಂಸ್ಥೆಯ ಮೂಲಕ ದೊರೆಯುವ ಗುಂಪು ವಿಮೆ ಮತ್ತು ಸರ್ಕಾರಿ ಯೋಜನೆಗಳು ಸಾಮಾನ್ಯವಾಗಿ ದೇಶದೊಳಗಿನ ಆಸ್ಪತ್ರೆಗಳಿಗೆ ಸೀಮಿತ. ಕರ್ನಾಟಕದಲ್ಲಿ ರಾಜ್ಯ ಸರ್ಕಾರಿ ನೌಕರರಿಗಾಗಿ ಇದ್ದ ಜ್ಯೋತಿ ಸಂಜೀವಿನಿ ಯೋಜನೆಯೂ ನೋಂದಾಯಿತ ಆಸ್ಪತ್ರೆಗಳ ಜಾಲದ ಮೂಲಕವೇ ನಗದುರಹಿತ ಚಿಕಿತ್ಸೆ ಒದಗಿಸಿದೆ. ಪೂರ್ಣ ವೇತನದ ಸಬ್ಬಾಟಿಕಲ್ ರಜೆಯಲ್ಲಿ ಸಂಬಳದಿಂದ ವಂತಿಗೆ ಕಡಿತ ಎಂದಿನಂತೆ ನಡೆಯಬಹುದು. ವೇತನರಹಿತ ರಜೆಯಾದರೆ ಕಡಿತ ನಿಂತು ವಿಮೆಯೂ ನಿಲ್ಲುವ ಸಂಭವವಿದೆ.

ಇದೇ ಬಗೆಯ ಸಮಸ್ಯೆ ಇತರ ದೇಶಗಳ ಅಧ್ಯಾಪಕರಿಗೂ ಇದೆ. ಅಮೆರಿಕದ ಹಿರಿಯ ನಾಗರಿಕರ ವಿಮೆಯಾದ ಮೆಡಿಕೇರ್, ಕೆಲವು ವಿಶೇಷ ಸಂದರ್ಭಗಳ ಹೊರತು, ದೇಶದ ಹೊರಗಿನ ಚಿಕಿತ್ಸೆಗೆ ಹಣ ನೀಡುವುದಿಲ್ಲ. ಅದಕ್ಕೆ ಪೂರಕವಾದ ಕೆಲವು ಖಾಸಗಿ ಪಾಲಿಸಿಗಳು ಪ್ರವಾಸದ ಮೊದಲ 60 ದಿನಗಳ ತುರ್ತು ಚಿಕಿತ್ಸೆಯನ್ನು ಮಾತ್ರ, ಜೀವಿತಾವಧಿಗೆ 50,000 ಡಾಲರ್ ಮಿತಿಯೊಳಗೆ, ಭರಿಸುತ್ತವೆ. ಯೂರೋಪಿಯನ್ ಒಕ್ಕೂಟದೊಳಗೆ ಒಂದು ದೇಶದಿಂದ ಇನ್ನೊಂದಕ್ಕೆ ತಾತ್ಕಾಲಿಕವಾಗಿ ಹೋಗುವವರಿಗೆ ಯೂರೋಪಿಯನ್ ಆರೋಗ್ಯ ವಿಮಾ ಕಾರ್ಡು ಅಗತ್ಯ ಚಿಕಿತ್ಸೆಯ ಹಕ್ಕನ್ನು ನೀಡುತ್ತದೆ. ಸ್ವದೇಶಕ್ಕೆ ಸಾಗಿಸುವ ವೆಚ್ಚ ಅದರಲ್ಲಿ ಸೇರಿಲ್ಲ.

ಮೊದಲೇ ಇರುವ ಕಾಯಿಲೆ ಮತ್ತು ಹೆರಿಗೆ

ಖಾಸಗಿ ಪಾಲಿಸಿಗಳಲ್ಲಿ ವಿವಾದಕ್ಕೆ ಹೆಚ್ಚು ಎಡೆಮಾಡುವ ಅಂಶ ಮೊದಲೇ ಇರುವ ಕಾಯಿಲೆಯ ವ್ಯಾಖ್ಯಾನ. ರಕ್ತದೊತ್ತಡಕ್ಕೆ ಔಷಧ ಸೇವಿಸುತ್ತಿರುವವರಿಗೆ ವಿದೇಶದಲ್ಲಿ ಹೃದಯಾಘಾತವಾದರೆ, ಅದು ಹಠಾತ್ ಕಾಯಿಲೆಯೇ ಅಥವಾ ಹಳೆಯ ಕಾಯಿಲೆಯ ಪರಿಣಾಮವೇ ಎಂಬ ಪ್ರಶ್ನೆ ಏಳುತ್ತದೆ. ಕೆಲವು ಪಾಲಿಸಿಗಳು ಪ್ರಾಣಾಪಾಯದ ಸ್ಥಿತಿಯಲ್ಲಿ ಮಾತ್ರ, ನಿಗದಿತ ಮಿತಿಯವರೆಗೆ, ಇಂತಹ ವೆಚ್ಚ ನೀಡುತ್ತವೆ. ಅರ್ಜಿಯಲ್ಲಿ ಕಾಯಿಲೆಯನ್ನು ಮುಚ್ಚಿಟ್ಟರೆ, ಆಸ್ಪತ್ರೆಯ ಹಳೆಯ ದಾಖಲೆಗಳಿಂದ ಅದು ಹೊರಬಿದ್ದಾಗ ಕ್ಲೇಮು ಪೂರ್ಣವಾಗಿ ತಿರಸ್ಕೃತವಾಗಬಹುದು.

ಹೆರಿಗೆಯ ವೆಚ್ಚವನ್ನು ಪ್ರವಾಸ ವಿಮೆಗಳು ಸಾಮಾನ್ಯವಾಗಿ ಹೊರಗಿಡುತ್ತವೆ. ಅದನ್ನು ಒಳಗೊಂಡ ಪಾಲಿಸಿಗಳೂ ಹಲವು ವೇಳೆ ಗರ್ಭಧಾರಣೆಯು ವಿಮೆ ಆರಂಭವಾದ ನಂತರ ಆಗಿರಬೇಕೆಂಬ ಷರತ್ತು ಹಾಕುತ್ತವೆ. ದಂತ ಮತ್ತು ಕಣ್ಣಿನ ಚಿಕಿತ್ಸೆ, ಮಾನಸಿಕ ಆರೋಗ್ಯ ಸೇವೆ, ಮಕ್ಕಳ ಲಸಿಕೆ ಇವುಗಳ ವ್ಯಾಪ್ತಿಯೂ ಸೀಮಿತವಾಗಿರುತ್ತದೆ. ನಿತ್ಯದ ಔಷಧಗಳನ್ನು ಕೊಂಡೊಯ್ಯುವುದಕ್ಕೂ ದೇಶಗಳು ಮಿತಿ ಹಾಕುತ್ತವೆ. ಜಪಾನಿಗೆ ವಿಶೇಷ ಅನುಮತಿಯಿಲ್ಲದೆ ಒಯ್ಯಬಹುದಾದ ವೈದ್ಯರ ಚೀಟಿಯ ಔಷಧಗಳ ಪ್ರಮಾಣ ಸಾಮಾನ್ಯವಾಗಿ 1 ತಿಂಗಳಿಗೆ ಸಾಕಾಗುವಷ್ಟು.

ಅವಧಿಯ ಅಂತರಗಳು

ವಿಮೆಯಿಲ್ಲದ ದಿನಗಳು ಸಾಮಾನ್ಯವಾಗಿ ರಜೆಯ ಎರಡು ತುದಿಗಳಲ್ಲಿ ಉಂಟಾಗುತ್ತವೆ. ಆತಿಥೇಯ ಸಂಸ್ಥೆಯ ವಿಮೆಯು ಕಾರ್ಯಕ್ರಮ ಆರಂಭವಾಗುವ ದಿನದಿಂದ ಜಾರಿಗೆ ಬರುತ್ತದೆ. ಮನೆ ಹುಡುಕಲು, ಮಕ್ಕಳನ್ನು ಶಾಲೆಗೆ ಸೇರಿಸಲು ಕುಟುಂಬ ಅದಕ್ಕೂ ಮೊದಲೇ ತಲುಪಿರುತ್ತದೆ. ಜೆ-1 ವೀಸಾದಲ್ಲಿ ಕಾರ್ಯಕ್ರಮಕ್ಕೆ 30 ದಿನ ಮೊದಲು ಪ್ರವೇಶಿಸಲು ಮತ್ತು ಮುಗಿದ ನಂತರ 30 ದಿನ ಉಳಿಯಲು ಅವಕಾಶವಿದೆ. ಈ ದಿನಗಳಿಗೆ ಪ್ರತ್ಯೇಕವಾಗಿ ವಿಮೆ ವಿಸ್ತರಿಸಿಕೊಳ್ಳದಿದ್ದರೆ ರಕ್ಷಣೆ ಇರುವುದಿಲ್ಲ.

ಆತಿಥೇಯ ದೇಶದಿಂದ ಸಮ್ಮೇಳನ ಅಥವಾ ಕ್ಷೇತ್ರಕಾರ್ಯಕ್ಕಾಗಿ ಮೂರನೆಯ ದೇಶಕ್ಕೆ ಹೋಗುವುದು ಮತ್ತು ರಜೆಯ ಮಧ್ಯೆ ಸ್ವದೇಶಕ್ಕೆ ಬಂದು ಹೋಗುವುದು ಅಂತರ ಉಂಟಾಗುವ ಇನ್ನೆರಡು ಸಂದರ್ಭಗಳು. ಅನೇಕ ಪಾಲಿಸಿಗಳು ಸ್ವದೇಶದಲ್ಲಿ ಪಡೆದ ಚಿಕಿತ್ಸೆಗೆ ಹಣ ನೀಡುವುದಿಲ್ಲ; ಆಗ ಸ್ವದೇಶದ ಪಾಲಿಸಿಯೇ ಆಧಾರವಾಗುತ್ತದೆ.

ಕ್ಲೇಮು ಮತ್ತು ದಾಖಲೆಗಳು

ಪರಿಹಾರವು ಎರಡು ರೀತಿಯಲ್ಲಿ ದೊರೆಯುತ್ತದೆ. ನಗದುರಹಿತ ಪದ್ಧತಿಯಲ್ಲಿ ವಿಮಾ ಕಂಪನಿಯು ಆಸ್ಪತ್ರೆಗೆ ನೇರವಾಗಿ ಹಣ ಪಾವತಿಸುತ್ತದೆ. ಇದಕ್ಕೆ ಆಸ್ಪತ್ರೆಯು ಕಂಪನಿಯ ಜಾಲದಲ್ಲಿರಬೇಕು ಮತ್ತು ದಾಖಲಾಗುವ ಮೊದಲು ಅಥವಾ ದಾಖಲಾದ ಕೂಡಲೇ ಸಹಾಯವಾಣಿಗೆ ತಿಳಿಸಬೇಕು. ಮರುಪಾವತಿ ಪದ್ಧತಿಯಲ್ಲಿ ರೋಗಿಯು ಮೊದಲು ಹಣ ಕಟ್ಟಿ, ಅನಂತರ ಬಿಲ್ಲುಗಳನ್ನು ಸಲ್ಲಿಸಬೇಕು. ಭಾರತದ ಕಂಪನಿಗಳ ಸಾಗರೋತ್ತರ ಪಾಲಿಸಿಗಳೂ ಸಾಮಾನ್ಯವಾಗಿ ವಿದೇಶದಲ್ಲಿರುವ ಸಹಾಯ ಸಂಸ್ಥೆಗಳ ಮೂಲಕ ಕ್ಲೇಮುಗಳನ್ನು ನಿರ್ವಹಿಸುತ್ತವೆ.

ಸಾಮಾನ್ಯವಾಗಿ ಬೇಕಾಗುವ ದಾಖಲೆಗಳು:

• ಪಾಲಿಸಿಯ ಪೂರ್ಣ ಷರತ್ತುಗಳ ಪ್ರತಿ ಮತ್ತು ವಿಮಾ ಕಾರ್ಡು
• ವೀಸಾ ಅಧಿಕಾರಿಗಳಿಗೆ ಸಲ್ಲಿಸಲು ವಿಮಾ ಮೊತ್ತ, ಅವಧಿ ಮತ್ತು ದೇಶಗಳನ್ನು ನಮೂದಿಸಿದ ಪ್ರಮಾಣಪತ್ರ
• ಕಾಯಿಲೆಗಳ ವಿವರ ಹಾಗೂ ಔಷಧಗಳ ಮೂಲ ಹೆಸರುಗಳಿರುವ ವೈದ್ಯರ ಪತ್ರ
• ಕುಟುಂಬದವರ ಲಸಿಕೆ ದಾಖಲೆಗಳು
• ಮೂಲ ಬಿಲ್ಲುಗಳು, ರಸೀದಿಗಳು ಮತ್ತು ಆಸ್ಪತ್ರೆಯ ಬಿಡುಗಡೆ ಪತ್ರ
• ಪ್ರಯಾಣದ ದಿನಾಂಕಗಳನ್ನು ತೋರಿಸುವ ಪಾಸ್‌ಪೋರ್ಟ್ ಪುಟಗಳು

ವಿದೇಶದಲ್ಲಿ ಪಡೆದ ಚಿಕಿತ್ಸೆಯ ದಾಖಲೆಗಳು ಮರಳಿದ ನಂತರವೂ ಉಪಯುಕ್ತ. ಕಾಯಿಲೆ ಯಾವಾಗ ಪತ್ತೆಯಾಯಿತು ಎಂಬುದಕ್ಕೆ ಅವು ಪುರಾವೆಯಾಗಿದ್ದು, ಸ್ವದೇಶದ ಪಾಲಿಸಿ ನಿರಂತರವಾಗಿ ಜಾರಿಯಲ್ಲಿತ್ತು ಎಂಬ ದಾಖಲೆಯೊಂದಿಗೆ ಸೇರಿ ಮುಂದಿನ ಕ್ಲೇಮುಗಳಿಗೆ ಆಧಾರವಾಗುತ್ತವೆ.

ಇವನ್ನೂ ನೋಡಿ

• ಆರೋಗ್ಯ ವಿಮೆ
• ವಿಶ್ವವಿದ್ಯಾಲಯ ಅನುದಾನ ಆಯೋಗ
• ರಾಷ್ಟ್ರೀಯ ಆರೋಗ್ಯ ಸೇವೆ
• ಷೆಂಗೆನ್ ಪ್ರದೇಶ